ಬೂಟು ಬಿಚ್ಚಿಟ್ಟ ಮೇಲೆ: ಕಾರ್ಲ್‌ಟನ್ ಚಾಪ್‌ಮನ್ ಎಂಬ ವಸ್ತಾದ

ಇವತ್ತಿನ ಕಂತು ಫುಟ್‌ಬಾಲ್ ಬಗ್ಗೆ. ಆದರೆ ಗೋಲು ಹೊಡೆಯೋದರ ಬಗ್ಗೆ ಕಡಿಮೆ, ಗೋಲು ಹೊಡೆಯೋದು ನಿಂತ ಮೇಲೆ ಏನಾಗುತ್ತದೆ ಅನ್ನೋದರ ಬಗ್ಗೆ ಜಾಸ್ತಿ.

1993ರ ಕಲ್ಕತ್ತಾದಿಂದ ಶುರು ಮಾಡೋಣ. ಆಗ ಏಷ್ಯನ್ ಕಪ್ ವಿನ್ನರ್ಸ್ ಕಪ್ ಅಂತ ಒಂದು ಟೂರ್ನಿ ಇತ್ತು, ಈಗ ಇಲ್ಲ. ಏಷ್ಯಾದ ದೇಶಗಳಲ್ಲಿ ಕಪ್ ಗೆದ್ದ ಕ್ಲಬ್ಬುಗಳು ಅದರಲ್ಲಿ ಆಡುತ್ತಿದ್ದವು. ಆ ವರ್ಷ ಈಸ್ಟ್ ಬೆಂಗಾಲ್‌ಗೆ ಎದುರಾಗಿದ್ದು ಇರಾಕಿನ ಅಲ್ ಜಾವ್ರಾ. ಬಾಗ್ದಾದಿನ ದೊಡ್ಡ ಕ್ಲಬ್ಬು ಅದು. ಮ್ಯಾಚ್ ಮುಗಿದಾಗ ಸ್ಕೋರು 6-2. ಆರು ಗೋಲು ನಮ್ಮದು! ಅದರಲ್ಲಿ ಮೂರು ಗೋಲು ಹೊಡೆದವನು ಬೆಂಗಳೂರಿನ 22 ವರ್ಷದ ಹುಡುಗ. ಫಾರ್ವರ್ಡ್ ಕೂಡ ಅಲ್ಲ, ಮಿಡ್‌ಫೀಲ್ಡರ್. ಈಸ್ಟ್ ಬೆಂಗಾಲ್ ಸೇರಿದ್ದು ಅದೇ ವರ್ಷ. ಇವತ್ತು ಹಿಂಗ ಆಗಿದ್ರ ನಿಮ್ಮ ಮೊಬೈಲ್ ತುಂಬ ಒಂದು ವಾರ ಅದೇ ರೀಲ್ಸ್ ಓಡ್ತಿದ್ವು.

ಆ ಹುಡುಗ ಕಾರ್ಲ್‌ಟನ್ ಚಾಪ್‌ಮನ್. ಹುಟ್ಟಿದ್ದು 1971ರ ಏಪ್ರಿಲ್ 13. ಎಂಟು ವರ್ಷ ಆದ ಮೇಲೆ, 2001ರಲ್ಲಿ, ಅದೇ ಈಸ್ಟ್ ಬೆಂಗಾಲ್‌ಗೆ ಕ್ಯಾಪ್ಟನ್ ಆಗಿ ದೇಶದ ಲೀಗ್ ಗೆಲ್ಲಿಸಿ, ಆಟ ನಿಲ್ಲಿಸಿದರು. ವಯಸ್ಸು 30. 2020ರ ಅಕ್ಟೋಬರ್ 12ರಂದು ಬೆಂಗಳೂರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ 49. ನಡುವೆ 19 ವರ್ಷ ಐತಿ. ಆ ವರ್ಷಗಳಲ್ಲಿ ಅವರು ಬಹುಪಾಲು ಮಾಡಿದ್ದು ಒಂದೇ ಕೆಲಸ: ಬೇರೆಯವರಿಗೆ ಆಟ ಕಲಿಸೋದು. ಅವರು ಹೋದಾಗ ಬಂದ ಶ್ರದ್ಧಾಂಜಲಿಗಳನ್ನ ಹುಡುಕಿ ಓದ್ರಿ. ಆಡಿದ ವರ್ಷಗಳಿಗೆ ಪ್ಯಾರಾಗಟ್ಟಲೆ ಜಾಗ, ಕಲಿಸಿದ ವರ್ಷಗಳಿಗೆ ಕೊನೆಯಲ್ಲಿ ಒಂದೆರಡು ಸಾಲು. ಆ ಒಂದೆರಡು ಸಾಲನ್ನೇ ಇವತ್ತು ಬಿಡಿಸಿ ನೋಡಬೇಕು ಅಂತ ನನ್ನ ಆಸೆ.

ಮೊದಲು ಒಂದು ಶಬ್ದದ ವಿಷಯ. ನೀವು ಪ್ರೀಮಿಯರ್ ಲೀಗ್ ನೋಡೋರು 'ಮ್ಯಾನೇಜರ್' ಅಂತೀರಿ. ಅಲ್ಲಿ ಮ್ಯಾನೇಜರ್ ಅಂದ್ರ ತಂಡ ಕಟ್ಟೋನು, ಆಡಿಸೋನು, ಸೋತರೆ ಬೈಸಿಕೊಳ್ಳೋನು. ನಮ್ಮ ದೇಶದ ಹಳೇ ತಂಡಗಳಲ್ಲಿ ಮ್ಯಾನೇಜರ್ ಅಂದ್ರ ರೈಲ್ವೆ ಟಿಕೆಟ್ಟು, ರೂಮಿನ ಬಾಡಿಗೆ, ಜರ್ಸಿ ಲೆಕ್ಕ ನೋಡೋ ಮನುಷ್ಯ. ಕಲಿಸೋನು ಕೋಚ್. ಚಾಪ್‌ಮನ್ ಅವರು ಮಾಡಿದ್ದು ಎರಡನೇದು. ಆದರೆ ಸಣ್ಣ ಕ್ಲಬ್ಬುಗಳಲ್ಲಿ ಎರಡೂ ಕೆಲಸ ಒಬ್ಬನ ತಲೆ ಮೇಲೇ ಬೀಳೋದು ಹೊಸದೇನಲ್ಲ.

ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ, ಯಾಕಂದ್ರ ನಮ್ಮಲ್ಲಿ ಇದಕ್ಕೆ ಬೇರೆ ಹೆಸರೈತಿ: ವಸ್ತಾದ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ, ಈ ಐದೂ ತಾಲೂಕಿನ ಯಾವುದೇ ಊರಾಗ ಗರಡಿಮನಿಗೆ ಹೋಗ್ರಿ. ಮೂಲ್ಯಾಗ ಒಬ್ಬ ಹಿರಿಯ ಕುಂತಿರ್ತಾನ. ಕಿವಿ ಮುದುಡಿಕೊಂಡಿರ್ತಾವ, ಮೊಣಕಾಲು ಸರಿ ಮಡಚಂಗಿಲ್ಲ. ಒಂದು ಕಾಲಕ್ಕೆ ಜಾತ್ರಿ ಕುಸ್ತಿಯೊಳಗ ಹೆಸರು ಮಾಡಿದ ಪೈಲ್ವಾನ. ಈಗ ಮಣ್ಣಿಗೆ ಇಳಿಯಂಗಿಲ್ಲ, ಆದರ ಹುಡುಗರ ಪಟ್ಟು ತಪ್ಪಿದ್ರ ಅಲ್ಲಿಂದಲೇ ಕೂಗ್ತಾನ. ಪೈಲ್ವಾನಕಿ ಮುಗಿದ ಮೇಲೆ ವಸ್ತಾದ ಆಗೋದು ನಮ್ಮಲ್ಲಿ ತಲೆತಲಾಂತರದಿಂದ ಬಂದ ದಾರಿ. ಅವನಿಗೆ ಸಂಬಳ ಇರಲಿಕ್ಕಿಲ್ಲ, ಆದರೆ ಊರಿನ ಗೌರವ ಐತಿ, ತಾಲೀಮು ಎಲ್ಲೂ ಹೋಗಂಗಿಲ್ಲ. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ: ತಾಲೀಮು ಎಲ್ಲೂ ಹೋಗಂಗಿಲ್ಲ. ಚಾಪ್‌ಮನ್ ಅವರ ಕಥೆಯಲ್ಲಿ ಕೈಕೊಟ್ಟಿದ್ದು ಅದೇ.

ಬೆಂಗಳೂರಿಗೆ ಬರೋಣ. ನಮಗೆ ಬೆಂಗಳೂರು ಅಂದ್ರ ಐದುನೂರು ಕಿಲೋಮೀಟರ್ ದಾಟಿ ಇರೋ ಊರು. ಐಟಿ, ಟ್ರಾಫಿಕ್ಕು, ಚಿನ್ನಸ್ವಾಮಿ ಸ್ಟೇಡಿಯಂ ಅಷ್ಟೇ ಕಣ್ಣಿಗೆ ಬೀಳ್ತಾವ. ಆದರೆ ಫುಟ್‌ಬಾಲ್ ಇತಿಹಾಸದಲ್ಲಿ ಬೆಂಗಳೂರಿನದು ಸಣ್ಣ ಹೆಸರಲ್ಲ. ಬ್ರಿಟಿಷ್ ಪಲ್ಟನ್‌ಗಳೇ ಗೆಲ್ಲುತ್ತಿದ್ದ ಬಾಂಬೆಯ ರೋವರ್ಸ್ ಕಪ್ಪನ್ನ ಮೊದಲ ಸಲ ಕಸಿದುಕೊಂಡ ಭಾರತೀಯ ಕ್ಲಬ್ಬು 1937ರ ಬೆಂಗಳೂರ್ ಮುಸ್ಲಿಮ್ಸ್. ಮರುವರ್ಷ ಮತ್ತೆ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡದ ಬಹಳ ಮಂದಿ ಬರಿಗಾಲಲ್ಲಿ ಆಡಿದರಲ್ಲ, ಆ ಮ್ಯಾಚಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಹಾಳಾಗಿ 2-1ರಿಂದ ಸೋತೆವು, ಅದು ಬೇರೆ ಸಂಕಟ. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರು. ಮುಂದೆ ಹತ್ತು ವರ್ಷ ಈಸ್ಟ್ ಬೆಂಗಾಲ್‌ನಲ್ಲಿ ಆಡಿ, ಅಲ್ಲಿಯವರು 'ಪಂಚಪಾಂಡವರು' ಅಂತ ಕರೆದ ಐದು ಫಾರ್ವರ್ಡ್‌ಗಳಲ್ಲಿ ಒಬ್ಬರಾದರು. ಸಂತೋಷ್ ಟ್ರೋಫಿಯನ್ನ ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು. ಕೊನೆಯದು 1968-69ರಲ್ಲಿ.

ಆ ಕಾಲದ ಆಟಗಾರರಿಗೆ 'ಆಟ ಮುಗಿದ ಮೇಲೆ ಏನು?' ಅನ್ನೋ ಪ್ರಶ್ನೆಗೆ ಉತ್ತರ ಸಿದ್ಧ ಇತ್ತು. ಅದರ ಹೆಸರು ನೌಕರಿ. ಬೆಂಗಳೂರಲ್ಲಿ ಐಟಿಐ ಅಂದ್ರ ಟೆಲಿಫೋನ್ ಕಾರ್ಖಾನೆ, ಎಚ್‌ಎಎಲ್ ಅಂದ್ರ ವಿಮಾನದ ಕಾರ್ಖಾನೆ. ಇವಕ್ಕೆಲ್ಲ ಫುಟ್‌ಬಾಲ್ ತಂಡ ಇದ್ದವು. ಚಲೋ ಆಡೋ ಹುಡುಗನ್ನ ಕೆಲಸಕ್ಕೆ ತಗೊಳ್ಳೋರು. ಹಾಜರಿ ಹಾಕಿ ಗ್ರೌಂಡಿಗೆ ಹೋಗೋದು, ಮೂವತ್ತೈದಾದ ಮೇಲೆ ಗ್ರೌಂಡು ಬಿಟ್ಟು ಟೇಬಲ್ಲಿಗೆ ಬರೋದು, ಅರವತ್ತರ ಹತ್ತಿರ ಪಿಂಚಣಿ. ಅದಕ್ಕೆ 'ಪ್ರೊಫೆಷನಲ್' ಅಂತ ಯಾರೂ ಅನ್ನುತ್ತಿರಲಿಲ್ಲ. ಆದರೆ ಮನಿ ನಡೀತಿತ್ತು.

ಚಾಪ್‌ಮನ್ ಬೆಳೆದದ್ದು ಈ ಊರಿನ ಆಸ್ಟಿನ್ ಟೌನ್‌ನಲ್ಲಿ. ಗಲ್ಲಿಗಲ್ಲಿಗೆ ಫುಟ್‌ಬಾಲ್ ಇರೋ ಬಡಾವಣೆ ಅದು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಾಯ್ ಕೇಂದ್ರ, ಅಲ್ಲಿಂದ 1990ರ ಹೊತ್ತಿಗೆ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ. ಈ ಅಕಾಡೆಮಿ ಶುರುವಾದದ್ದು 1987ರಲ್ಲಿ. ಹುಡುಗರನ್ನ ಆರಿಸಿ ತಂದು, ಹಾಸ್ಟೆಲ್ಲಿನಲ್ಲಿಟ್ಟು, ಊಟ, ಓದು, ಆಟ ಎಲ್ಲ ಒಂದೇ ಕಡೆ ಕೊಡೋ ಪದ್ಧತಿ ನಮ್ಮ ಫುಟ್‌ಬಾಲಿಗೆ ಆಗ ಹೊಸದು. ಅಲ್ಲಿಂದ ಹೊರಬಂದ ಹುಡುಗರು ಕಾರ್ಖಾನೆಯ ನೌಕರಿ ಕಾಯಲಿಲ್ಲ, ನೇರ ಕ್ಲಬ್ಬುಗಳಿಗೆ ಹೋದರು. ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದರು. ಆರು ಗೋಲಿನ ಮ್ಯಾಚಿನ ಕಥೆ ಆಗಲೇ ಹೇಳಿದೆ.

1995ರಲ್ಲಿ ಪಂಜಾಬಿನ ಫಗ್ವಾರಾದ ಜೆಸಿಟಿ ಸೇರಿದರು. ಜೆಸಿಟಿ ಅಂದ್ರ ಜಗತ್‌ಜಿತ್ ಕಾಟನ್ ಟೆಕ್ಸ್‌ಟೈಲ್ಸ್, ಬಟ್ಟೆ ಮಿಲ್ಲು. ಒಂದು ಕಡೆ ಬಟ್ಟೆ ನೇಯೋದು, ಒಂದು ಕಡೆ ಫುಟ್‌ಬಾಲ್ ತಂಡ. ಆ ತಂಡದ ಮುಂದಿನ ಸಾಲು ನೋಡ್ರಿ: ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ. ಅವರಿಗೆ ಹಿಂದಿನಿಂದ ಚೆಂಡು ಕೊಡೋನು ಬೆಂಗಳೂರಿನ ಚಾಪ್‌ಮನ್. ಕೋಚ್ ಸುಖ್ವಿಂದರ್ ಸಿಂಗ್. ಚಾಪ್‌ಮನ್ ಇದ್ದ ಎರಡು ವರ್ಷದಲ್ಲಿ ಜೆಸಿಟಿ ಹದಿನಾಲ್ಕು ಟೂರ್ನಿ ಗೆದ್ದಿತು. 1996ರ ಡಿಸೆಂಬರಿನಲ್ಲಿ ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯ್ತಲ್ಲ, ಅದರ ಮೊದಲ ಚಾಂಪಿಯನ್ ಕೂಡ ಜೆಸಿಟಿಯೇ. ಭುಟಿಯಾ 14 ಗೋಲು. ಆ 14ರ ಹಿಂದೆ ಯಾರ ಪಾಸು ಎಷ್ಟಿದ್ದವು ಅಂತ ಲೆಕ್ಕ ಇಡೋ ರೂಢಿ ಆಗ ನಮ್ಮಲ್ಲಿರಲಿಲ್ಲ. ಮಿಡ್‌ಫೀಲ್ಡರ್ ಹಣೆಬರಹವೇ ಅದು. ನನ್ನ ಕೇಳಿದ್ರ ಅವರು ಆಮೇಲೆ ಕೋಚ್ ಆಗೋಕೆ ತಯಾರಾಗಿದ್ದು ಅಲ್ಲೇ: ಬೇರೆಯವನು ಎಲ್ಲಿ ಓಡ್ತಾನ ಅಂತ ನೋಡೋದು, ಹೆಸರು ಅವನಿಗೆ ಬಿಡೋದು.

ಆ ಹೊತ್ತಿಗೆ ಭಾರತದ ಫುಟ್‌ಬಾಲಿಗೂ ಚಲೋ ಕಾಲ. 1996ರ ಫೆಬ್ರವರಿಯಲ್ಲಿ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 94ನೇ ಸ್ಥಾನಕ್ಕೆ ಏರಿತ್ತು. ಇಂದಿಗೂ ಅದೇ ನಮ್ಮ ಅತ್ಯುತ್ತಮ. 1997ರಲ್ಲಿ ಕಠ್ಮಂಡುವಿನಲ್ಲಿ ಫೈನಲ್‌ನಲ್ಲಿ ಮಾಲ್ಡೀವ್ಸ್‌ಗೆ 5-1 ಹೊಡೆದು ಸ್ಯಾಫ್ ಪಟ್ಟ ಗೆದ್ದೆವು. ಚಾಪ್‌ಮನ್ ಭಾರತ ತಂಡದ ನಾಯಕತ್ವವನ್ನೂ ವಹಿಸಿದವರು. ಆಂಗ್ಲೋ-ಇಂಡಿಯನ್ ಹೆಸರು, ಬೆಂಗಳೂರಿನ ಮನೆ, ಸಂತೋಷ್ ಟ್ರೋಫಿಯಲ್ಲಿ ಕರ್ನಾಟಕಕ್ಕೂ ಆಡಿದರು, ಪಂಜಾಬಿಗೂ ಆಡಿದರು, ಬಂಗಾಳಕ್ಕೂ ಆಡಿದರು. ಆಟ ಕರೆದಲ್ಲಿಗೆ ಹೋದ ಮನುಷ್ಯ.

1997ರಲ್ಲಿ ಆಟ ಕರೆದದ್ದು ಕೊಚ್ಚಿಗೆ. ಎಫ್‌ಸಿ ಕೊಚ್ಚಿನ್. ನಮ್ಮ ದೇಶದ ಮೊದಲ ಪೂರ್ಣ ಪ್ರೊಫೆಷನಲ್ ಕ್ಲಬ್ಬು ಅಂತ ಅದನ್ನ ಕರೀತಾರ. ಕಾರ್ಖಾನೆ ಇಲ್ಲ, ಇಲಾಖೆ ಇಲ್ಲ, ನೌಕರಿ ಇಲ್ಲ. ಆಟವೇ ಕೆಲಸ, ಒಪ್ಪಂದವೇ ಸಂಬಳ. ವಿಜಯನ್ ಬಂದರು, ಜೋ ಪಾಲ್ ಅಂಚೇರಿ ಬಂದರು, ಚಾಪ್‌ಮನ್ ಬಂದರು. ಅದೇ ವರ್ಷ ಕ್ಲಬ್ಬು ಡ್ಯುರಾಂಡ್ ಕಪ್ ಗೆದ್ದಿತು, ಕೇರಳದ ಕ್ಲಬ್ಬೊಂದಕ್ಕೆ ಅದು ಮೊದಲು. ನೋಡೋಕೆ ಹೊಸ ಯುಗ. ಆದರೆ ಕೆಲವೇ ವರ್ಷದಲ್ಲಿ ರೊಕ್ಕದ ತಾಪತ್ರಯಕ್ಕೆ ಸಿಕ್ಕು ಆ ಕ್ಲಬ್ಬು ಬಾಗಿಲು ಹಾಕಿತು. ಚಾಪ್‌ಮನ್ ಅಷ್ಟು ದಿನ ಕಾಯಲಿಲ್ಲ, 1998ರಲ್ಲೇ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ನ್ಯಾಷನಲ್ ಲೀಗ್ ಗೆದ್ದಿತು. ಅದಾದ ಮೇಲೆ ಬೂಟು ಬಿಚ್ಚಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲೋಣ. ಚಾಪ್‌ಮನ್ ಅವರ ತಲೆಮಾರು ನಡುವೆ ಸಿಕ್ಕಿಬಿದ್ದ ತಲೆಮಾರು. ಹಿಂದಿನವರಿಗೆ ಪಿಂಚಣಿಯ ನೌಕರಿ ಇತ್ತು. ಮುಂದಿನವರಿಗೆ, ಅಂದ್ರ 2014ರಲ್ಲಿ ಐಎಸ್‌ಎಲ್ ಬಂದ ಮೇಲೆ ಆಡಿದವರಿಗೆ, ದೊಡ್ಡ ಮೊತ್ತದ ಒಪ್ಪಂದ ಸಿಕ್ಕವು. ನಡುವಿನವರು ನೌಕರಿ ಕಾಯದೆ ಆಟವನ್ನ ನಂಬಿ ಬಂದರು, ಆದರೆ ಆಟದಲ್ಲಿ ಇನ್ನೂ ಅಷ್ಟು ರೊಕ್ಕ ಹುಟ್ಟಿರಲಿಲ್ಲ. ಜೆಸಿಟಿಯ ಆ ಮೂವರನ್ನೇ ನೋಡ್ರಿ. ವಿಜಯನ್‌ಗೆ ಕೇರಳ ಪೊಲೀಸ್ ಇತ್ತು. ಹದಿಹರೆಯದಲ್ಲಿ ಪೊಲೀಸ್ ತಂಡ ಸೇರಿದ್ದರು, ನಡುವೆ ಕ್ಲಬ್ಬುಗಳಿಗೆ ಹೋದರು, ಕೊನೆಗೆ ಮತ್ತೆ ಅದೇ ಇಲಾಖೆಗೆ ಬಂದರು, 2025ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ಅದೇ ವರ್ಷ ಪದ್ಮಶ್ರೀ. ಭುಟಿಯಾಗೆ ಹೆಸರೇ ಬಂಡವಾಳ. ಸಿಕ್ಕಿಮಿನಲ್ಲಿ ಸ್ವಂತ ಕ್ಲಬ್ಬು ಕಟ್ಟಿದರು, ರಾಜಕೀಯಕ್ಕೂ ಇಳಿದರು. ಚಾಪ್‌ಮನ್ ಆರಿಸಿಕೊಂಡದ್ದು ಕೋಚಿಂಗ್.

2002ರಲ್ಲಿ ತಾವು ಕಲಿತ ಟಾಟಾ ಅಕಾಡೆಮಿಗೇ ಕೋಚ್ ಆಗಿ ಹೋದರು. ಇದು ನನಗೆ ಬಹಳ ಇಷ್ಟವಾದ ಸಂಗತಿ. ತಾನು ಬೆವರು ಸುರಿಸಿದ ಗರಡಿಮನಿಗೇ ಪೈಲ್ವಾನ ವಸ್ತಾದ ಆಗಿ ವಾಪಸ್ ಬಂದಂಗ. ಅಲ್ಲಿಯ ಹುಡುಗರನ್ನ ಲೀಗಿನ ಎರಡನೇ ಡಿವಿಷನ್ನಿನಲ್ಲಿ ಆಡಿಸಿದರು. ದೊಡ್ಡವರ ವಿರುದ್ಧ ಇನ್ನೂ ಮೀಸೆ ಬಾರದ ಹುಡುಗರನ್ನ ಇಳಿಸೋದು ಅಂದ್ರ ಸೋಲೋಕೆ ತಯಾರಿರಬೇಕು. ಅಕಾಡೆಮಿ ಕೋಚ್‌ನ ಕೆಲಸವೇ ವಿಚಿತ್ರ: ಹುಡುಗ ಚಲೋ ಆದ ದಿನವೇ ನಿನ್ನ ಬಿಟ್ಟು ಹೋಗ್ತಾನ.

ಆಮೇಲೆ ಶಿಲ್ಲಾಂಗ್. ಮೇಘಾಲಯದ ರಾಯಲ್ ವಾಹಿಂಗ್ಡೋ 1946ರಲ್ಲಿ ಹುಟ್ಟಿದ ಹಳೇ ಕ್ಲಬ್ಬು. ಆದರೆ ದೇಶದ ಮಟ್ಟದಲ್ಲಿ ಅದನ್ನ ಕೇಳೋರಿರಲಿಲ್ಲ. 2006-07ರ ಹೊತ್ತಿಗೆ ಚಾಪ್‌ಮನ್ ಅಲ್ಲಿಗೆ ಹೋದರು. ಈಗ ನಮಗೆ ಈಶಾನ್ಯದ ಆಟಗಾರರು ಅಂದ್ರ ಸಾಮಾನ್ಯ ಸಂಗತಿ, ಯಾವ ತಂಡ ನೋಡಿದರೂ ಮಿಜೋರಾಂ, ಮಣಿಪುರ, ಮೇಘಾಲಯದ ಹುಡುಗರೇ. ಇಪ್ಪತ್ತು ವರ್ಷದ ಹಿಂದೆ ಹಂಗಿರಲಿಲ್ಲ. ಮಳೆ ನಿಲ್ಲದ ಬೆಟ್ಟದ ಊರಿಗೆ ಹೋಗಿ, ಭಾಷೆ ಬಾರದ ಕಡೆ ಕುಂತು ಕೆಲಸ ಮಾಡೋದು ದೊಡ್ಡ ಹೆಸರಿನ ಮಾಜಿ ಆಟಗಾರರು ಬೇಗ ಒಪ್ಪಿಕೊಳ್ಳೋ ಮಾತಾಗಿರಲಿಲ್ಲ. ಅಲ್ಲಿ ಅವರು ವರ್ಷಗಟ್ಟಲೆ ಇದ್ದರು. ತಂಡ ಶಿಲ್ಲಾಂಗ್ ಲೀಗ್ ಗೆದ್ದಿತು, ಗುವಾಹಟಿಯ ಬೊರ್ಡೊಲಾಯ್ ಟ್ರೋಫಿ ಗೆದ್ದಿತು, ರಾಷ್ಟ್ರೀಯ ಎರಡನೇ ಡಿವಿಷನ್‌ಗೆ ಬಂತು.

ಮುಂದೇನಾಯ್ತು ಕೇಳ್ರಿ. ಚಾಪ್‌ಮನ್ ಅಲ್ಲಿಂದ ಹೊರಟ ಮೇಲೆ, ರಾಯಲ್ ವಾಹಿಂಗ್ಡೋ 2014-15ರ ಐ-ಲೀಗ್‌ಗೆ ಏರಿತು. ಮೊದಲ ಯತ್ನದಲ್ಲೇ ಮೂರನೇ ಸ್ಥಾನ. ಆಗ ಕೋಚ್ ಸಂತೋಷ್ ಕಶ್ಯಪ್, ಅವರೂ ಸಮರ್ಥರೇ, ಅವರ ಪಾಲಿನ ಹೆಸರು ಅವರಿಗೇ ಸಲ್ಲಬೇಕು. ಆದರೆ ಬುನಾದಿ ಹಾಕಿದವನ ಹೆಸರು ಆ ಸೀಸನ್ನಿನ ಪುಟದಲ್ಲಿ ಇಲ್ಲ. ಇನ್ನೂ ಬೇಸರದ ಮಾತು ಅಂದ್ರ, ಆ ಮೂರನೇ ಸ್ಥಾನ ಬಂದ ಮೇಲೆ ಕ್ಲಬ್ಬೇ ಐ-ಲೀಗ್ ಬಿಟ್ಟು ಹಿಂದೆ ಸರಿಯಿತು. ಕಟ್ಟಿದ ಮನಿ ಗೃಹಪ್ರವೇಶದ ಮರುದಿನವೇ ಬೀಗ.

ಆ ಬಳಿಕ ಕಲ್ಕತ್ತಾದ ಭವಾನಿಪುರ ಕ್ಲಬ್ಬು, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದಿಲ್ಲಿಯ ಸುದೇವಾ ಅಕಾಡೆಮಿ, ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿ. ಪಟ್ಟಿ ಓದಿದ್ರ ದೇಶದ ನಕಾಶೆ ಓದಿದಂಗ ಆಗ್ತದ. ಹೆಚ್ಚಿನವು ಸಣ್ಣ ತಂಡಗಳು, ಹೊಸ ತಂಡಗಳು, ಹುಡುಗರ ತಂಡಗಳು. ಸುದೇವಾ 2020-21ರಲ್ಲಿ ಐ-ಲೀಗ್‌ಗೆ ಬಂತು. ಆ ಸೀಸನ್ ಶುರುವಾಗೋ ಹೊತ್ತಿಗೆ ಚಾಪ್‌ಮನ್ ಇರಲೇ ಇಲ್ಲ.

'ಹಂಗಾರ ಅವರು ಕೋಚ್ ಆಗಿ ಸೋತರು ಅಂತೀರೇನು?' ಅಂತ ನೀವು ಕೇಳಬಹುದು. ನಾನು ಹಂಗ ಅನ್ನಂಗಿಲ್ಲ. ನನ್ನ ವಾದ ಬೇರೆ. ಅಲೆಕ್ಸ್ ಫರ್ಗುಸನ್ ಹೆಸರು ಕೇಳಿರ್ತೀರಿ, 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಆಳಿದವರು. ಅವರೂ ಆಟಗಾರ, 1974ರಲ್ಲಿ 32ನೇ ವಯಸ್ಸಿಗೆ ಕೋಚಿಂಗ್‌ಗೆ ಬಂದರು. ಬಂದದ್ದು ಎಲ್ಲಿಗೆ? ಈಸ್ಟ್ ಸ್ಟರ್ಲಿಂಗ್‌ಷೈರ್ ಅಂತ ಸ್ಕಾಟ್ಲೆಂಡಿನ ಒಂದು ಸಣ್ಣ ಕ್ಲಬ್ಬಿಗೆ. ಅಲ್ಲಿಂದ ಸೇಂಟ್ ಮಿರೆನ್, ಅಲ್ಲಿಂದ ಅಬರ್‌ಡೀನ್, ಅಲ್ಲಿಂದ ಮ್ಯಾಂಚೆಸ್ಟರ್. ಇದನ್ನ ಏಣಿ ಅಂತಾರ. ಕೆಳಗಿನ ಮೆಟ್ಟಿಲಿನ ಮೇಲೆ ಕಾಲಿಟ್ಟು, ಅದು ಗಟ್ಟಿ ಇದ್ದರೆ ಮುಂದಿನದಕ್ಕೆ ಕಾಲು ಎತ್ತಬಹುದು. ಚಾಪ್‌ಮನ್ ಹತ್ತಿದ ಏಣಿಯನ್ನ ನೋಡ್ರಿ. ಎಫ್‌ಸಿ ಕೊಚ್ಚಿನ್ ಮುಚ್ಚಿತು. ಹದಿನಾಲ್ಕು ಕಪ್ ತಂದ ಜೆಸಿಟಿ 2011ರಲ್ಲಿ ತಂಡ ವಿಸರ್ಜಿಸಿತು. ಮುಂಬೈಯ ಮಹೀಂದ್ರಾ ಯುನೈಟೆಡ್ ಅದಕ್ಕಿಂತ ಒಂದು ವರ್ಷ ಮೊದಲೇ ಹೋಗಿತ್ತು. ಬೆಂಗಳೂರಿನ ಐಟಿಐ, ಎಚ್‌ಎಎಲ್ ರಾಷ್ಟ್ರೀಯ ಲೀಗಿನಿಂದ ಮಾಯವಾದವು. ವಾಹಿಂಗ್ಡೋ ಹಿಂದೆ ಸರಿಯಿತು. ಮೆಟ್ಟಿಲುಗಳೇ ಕಾಲ ಕೆಳಗಿಂದ ಉದುರಿದರೆ ಹತ್ತೋನು ಏನು ಮಾಡಬೇಕು? ಇನ್ನು ಏಣಿಯ ತುದಿಯಲ್ಲಿ ಐಎಸ್‌ಎಲ್ ಇತ್ತು ಅಂತೀರಾ, ಅಲ್ಲಿ ಮೊದಲ ಏಳು ಸೀಸನ್ ಕಾಯಂ ಮುಖ್ಯ ಕೋಚ್ ಕುರ್ಚಿಯೆಲ್ಲ ವಿದೇಶದವರಿಗೇ.

ಅದನ್ನ ಮುರಿದವರು ಖಾಲಿದ್ ಜಮೀಲ್. ಚಾಪ್‌ಮನ್‌ಗಿಂತ ಆರು ವರ್ಷ ಚಿಕ್ಕವರು, ಮಹೀಂದ್ರಾ ಯುನೈಟೆಡ್‌ನ ಆಟಗಾರ. ಗಾಯದಿಂದ ಆಟ ನಿಂತ ಮೇಲೆ 2009ರಲ್ಲಿ ಮುಂಬೈ ಎಫ್‌ಸಿಗೆ ಕೋಚ್ ಆಗಿ, ಒಂದೇ ಕ್ಲಬ್ಬಿನಲ್ಲಿ ಏಳು ವರ್ಷ ಕೂತರು. ಕಪ್ಪೂ ಬರಲಿಲ್ಲ, ತಂಡ ಕೆಳಗೂ ಬೀಳಲಿಲ್ಲ. ಆಮೇಲೆ ಮಿಜೋರಾಂನ ಐಜಾಲ್ ಎಫ್‌ಸಿ. 2016-17ರಲ್ಲಿ ಮೋಹನ್ ಬಗಾನ್‌ಗಿಂತ ಒಂದೇ ಒಂದು ಪಾಯಿಂಟ್ ಮುಂದಿದ್ದು, 37ಕ್ಕೆ 36, ಆ ಪುಟ್ಟ ಕ್ಲಬ್ಬು ಐ-ಲೀಗ್ ಚಾಂಪಿಯನ್ ಆಯ್ತು. ಆ ಮೇಲೆ ಐಎಸ್‌ಎಲ್‌ನ ನಾರ್ತ್ ಈಸ್ಟ್ ಯುನೈಟೆಡ್‌ಗೆ ಕಾಯಂ ಮುಖ್ಯ ಕೋಚ್, ಭಾರತೀಯರಲ್ಲಿ ಮೊದಲಿಗರು. 2025ರ ಆಗಸ್ಟಿನಲ್ಲಿ ಭಾರತ ತಂಡದ ಕೋಚ್. ಇಬ್ಬರ ನಡುವಿನ ಫರಕು ಬರೀ ಪ್ರತಿಭೆಯದು ಅಂತ ನನಗೆ ಅನ್ನಿಸೋದಿಲ್ಲ. ಜಮೀಲ್‌ಗೆ ಮೊದಲ ಮೆಟ್ಟಿಲು ಏಳು ವರ್ಷ ಅಲುಗಾಡದೆ ನಿಂತಿತ್ತು. ಜೊತೆಗೆ ಅವರ ಹತ್ತಿರ ಪ್ರೊ ಲೈಸೆನ್ಸ್ ಇತ್ತು.

ಈಗ ನಮ್ಮ ಕಡೆಗೆ ಬರ್ತೀನಿ. ಇದನ್ನೆಲ್ಲ ನಿಪ್ಪಾಣಿಯವ ನಾನು ಯಾಕ ಹೇಳಾಕತ್ತೀನಿ ಅಂದ್ರ, ನಮ್ಮಿಂದ ನಲವತ್ತು ಕಿಲೋಮೀಟರಿಗೆ ಕೊಲ್ಲಾಪುರ ಐತಿ. ಕುಸ್ತಿಯ ಊರು ಅಂತ ಎಲ್ಲರಿಗೂ ಗೊತ್ತು, ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಿಂದ ಐತಿ. ಆದರೆ ಫುಟ್‌ಬಾಲ್ ಹುಚ್ಚೂ ಅಷ್ಟೇ ಐತಿ ಅನ್ನೋದು ಮ್ಯಾಚಿನ ದಿನ ಶಾಹೂ ಸ್ಟೇಡಿಯಂ ಕಡೆ ಹೋದವರಿಗೇ ಗೊತ್ತು. ಅಲ್ಲಿಯ ಕ್ಲಬ್ಬುಗಳ ಹೆಸರು ಕೇಳ್ರಿ: ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್. ಹೌದು, ತಾಲೀಮ್! ಗರಡಿಮನಿಗಳೇ ಫುಟ್‌ಬಾಲ್ ಕ್ಲಬ್ಬು ಆಗ್ಯಾವ. ಕುಸ್ತಿಗೆ ಇದ್ದ ಓಣಿಯ ಅಭಿಮಾನ, ಅದೇ ಜಿದ್ದು, ಚೆಂಡಿಗೆ ಬಂದೈತಿ. ಜೆಸಿಟಿ ಮಿಲ್ಲಿನ ತಂಡ, ಮಿಲ್ಲಿನ ಮಾಲೀಕರು ಸಾಕು ಅಂದ ದಿನ ಮುಗೀತು. ತಾಲೀಮು ಓಣಿಯದು, ಓಣಿ ಎಲ್ಲಿಗೆ ಹೋದೀತು? 2017ರ 17ರ ವಯೋಮಿತಿಯ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಈ ಊರಿನ ಹುಡುಗ.

ನಮ್ಮ ಗಡಿ ಕಡೆಯ ಹುಡುಗರೂ ಈ ಗಾಳಿಯಲ್ಲೇ ಬೆಳೀತಾರ. ಚಿಕ್ಕೋಡಿ ಕಡೆಯ ಒಬ್ಬ ಕೇಳುಗ ಒಂದು ವಾಯ್ಸ್ ನೋಟ್ ಕಳಿಸಿದ್ದ: 'ಅಣ್ಣಾ, ಆಡಾಕ ಬರ್ತದ. ಆದ್ರ ಅಪ್ಪ ಕೇಳ್ತಾನ, ಮೂವತ್ತಾದ ಮ್ಯಾಲ ಏನ್ ಮಾಡ್ತಿ ಅಂತ. ನಾ ಏನ್ ಹೇಳಲಿ?' ತಮ್ಮಾ, ನಿಮ್ಮಪ್ಪನ ಪ್ರಶ್ನೆ ಸರಿ ಐತಿ. ಭಾರತದ ಕ್ಯಾಪ್ಟನ್ ಆದವರಿಗೂ ಅದೇ ಪ್ರಶ್ನೆ ಎದುರಾಗಿತ್ತು.

ಆದರ ಒಂದು ವಿಷಯ ಈಗ ಬದಲಾಗ್ಯಾದ. ಕೋಚಿಂಗ್ ಈಗ ಓದಿ ಕಲಿಯೋ ಉದ್ಯೋಗ. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಲೈಸೆನ್ಸುಗಳು ಮೆಟ್ಟಿಲು ಮೆಟ್ಟಿಲಾಗಿ ಅದಾವ: ಮೊದಲು ಡಿ, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಡಿ ಇದ್ರ ಶಾಲಿ ಹುಡುಗರಿಗೆ, ಸಣ್ಣ ಅಕಾಡೆಮಿಗೆ ಕಲಿಸೋಕೆ ಕೈಯಾಗ ಒಂದು ಕಾಗದ ಇರ್ತದ. ಐಎಸ್‌ಎಲ್ ತಂಡದ ಮುಖ್ಯ ಕೋಚ್ ಆಗಾಕ ಪ್ರೊ ಬೇಕು. ಹಿಂದಿನ ಕಾಲದಲ್ಲಿ 'ಇವನು ದೊಡ್ಡ ಆಟಗಾರ, ಕೋಚ್ ಮಾಡ್ರಿ' ಅಂತ ಕರೆಯೋರು. ಈಗ ಹಂಗಿಲ್ಲ. ಅಷ್ಟೇ ಅಲ್ಲ, ದೊಡ್ಡ ಆಟಗಾರ ಆಗದವನಿಗೂ ಬಾಗಿಲು ತೆರದೈತಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಶಾಲಾ ಮಾಸ್ತರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಅವರ ಕೈಯಲ್ಲಿ ಬಂದದ್ದು. 2024ರಲ್ಲಿ 'ಮೈದಾನ್' ಸಿನಿಮಾ ಬಂತಲ್ಲ, ಅವರದೇ ಕಥೆ. ಆ 1962ರ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು ಅಂತ ಸಿನಿಮಾ ನೋಡುವಾಗ ನೆನಪಿಸಿಕೊಳ್ಳಿ.

ಆಟ ಬಿಡೋ ತನಕ ಕಾಯಬೇಡ ಅನ್ನೋದು ನನ್ನ ಸಲಹೆ, ಕೇಳೋದು ಬಿಡೋದು ನಿನಗ ಬಿಟ್ಟದ್ದು. ಇಪ್ಪತ್ತೆರಡಕ್ಕೇ ಡಿ ಲೈಸೆನ್ಸ್ ಮಾಡ್ಕೊ, ಆಡ್ಕೋತ ಆಡ್ಕೋತ ಸಣ್ಣ ಹುಡುಗರಿಗೆ ಸಂಜಿಗೆ ಕಲಿಸು. ಕಬ್ಬಿನ ಹಂಗಾಮಿನಾಗ ಗ್ರೌಂಡಿಗೆ ನಾಲ್ಕೇ ಮಂದಿ ಬಂದ್ರೂ ಕಲಿಸು. ಅಪ್ಪಗ ತೋರಿಸಾಕ ಒಂದು ಕಾಗದ ಆತು, ನಿನಗ ಒಂದು ಮೆಟ್ಟಿಲಾತು.

ಕರ್ನಾಟಕದ ಒಂದು ಕಥೆ ಬಾಕಿ ಉಳೀತು. 1968-69ರಲ್ಲಿ ನಮ್ಮವರು ಕೊನೆಯ ಸಲ ಸಂತೋಷ್ ಟ್ರೋಫಿ ಗೆದ್ದರು ಅಂದೆನಲ್ಲ. ಮುಂದಿನದು ಬಂದದ್ದು 54 ವರ್ಷ ಆದ ಮೇಲೆ, 2023ರ ಮಾರ್ಚ್ 4ರಂದು. ಅದೂ ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಆ ಸಲ ಕೊನೆಯ ಹಂತದ ಪಂದ್ಯಗಳನ್ನ ಅಲ್ಲಿ ಇಟ್ಟಿದ್ದರು. ಕೋಚ್ ರವಿಬಾಬು ರಾಜು. ಫೈನಲ್ ಸ್ಕೋರು 3-2. ಎದುರಾಳಿ ಮೇಘಾಲಯ, ಮೊದಲ ಸಲ ಫೈನಲ್‌ಗೆ ಬಂದ ತಂಡ. ಒಂದು ಕಡೆ ಚಾಪ್‌ಮನ್ ಹುಟ್ಟಿದ ರಾಜ್ಯ, ಇನ್ನೊಂದು ಕಡೆ ಅವರು ವರ್ಷಗಟ್ಟಲೆ ಕಲಿಸಿದ ರಾಜ್ಯ. ಅವರು ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ಇದ್ದಿದ್ರ ಆ ದಿನ ಯಾರ ಕಡೆ ಕುಂತಿರ್ತಿದ್ರು ಅಂತ ನನಗ ಹೇಳಾಕ ಬರಂಗಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ತಾಲೀಮಿನಾಗ, ಗ್ರೌಂಡಿನಾಗ ಕಲಿಸೋ ವಸ್ತಾದರು, ಕೋಚ್‌ಗಳು ಯಾರಾದ್ರೂ ಇದ್ರ ಒಂದು ವಾಯ್ಸ್ ನೋಟ್ ಕಳಿಸ್ರಿ. ಗೆದ್ದ ಕಪ್ಪಿನ ಲೆಕ್ಕ ಬೇಡ, ಎಷ್ಟು ವರ್ಷದಿಂದ ಕಲಿಸಾಕತ್ತಾರ ಅಂತ ಹೇಳಿದ್ರ ಸಾಕು.